ಮೊದಲ ಸ್ಥಾನ ಬಂದ ನಕ್ಷೆಯನ್ನೇ ಕಟ್ಟಿಸಬೇಕೇ?

ಪ್ರಶ್ನೆ: ನಮ್ಮದು ಬಳ್ಳಾರಿಯ ಒಂದು ಸೌಹಾರ್ದ ಸಹಕಾರಿ. ಪ್ರಧಾನ ಕಚೇರಿಗೆ ಸ್ವಂತ ಕಟ್ಟಡ ಕಟ್ಟಿಸಲು ಮೂವರು ಆರ್ಕಿಟೆಕ್ಟ್‌ಗಳಿಂದ ನಕ್ಷೆ ತರಿಸಿದ್ದೇವೆ. ಮೂವರೂ ತಮ್ಮದೇ ‘ಸ್ಮಾರ್ಟ್ ಬಿಲ್ಡಿಂಗ್’ ಎನ್ನುತ್ತಾರೆ. ಯಾವುದು ಮೇಲು ಎಂದು ತಿಳಿಯಲು ಒಬ್ಬ ಕನ್ಸಲ್ಟಂಟ್‌ರನ್ನು ಗೊತ್ತುಮಾಡಿದೆವು. ಅವರು ‘ಫಝಿ ಎಎಚ್‌ಪಿ–ಟಾಪ್ಸಿಸ್’ ವಿಧಾನದಲ್ಲಿ ಲೆಕ್ಕ ಹಾಕಿ, ಅ ನಕ್ಷೆಗೆ 0.61, ಕ ನಕ್ಷೆಗೆ 0.59, ಬ ನಕ್ಷೆಗೆ 0.52 ಕೊಟ್ಟಿದ್ದಾರೆ. ಮಾನದಂಡಗಳಿಗೆ ಕೊಟ್ಟ ತೂಕಗಳು ಹೀಗಿವೆ: ತಂತ್ರಜ್ಞಾನ 0.50, ವಿದ್ಯುತ್ ಉಳಿತಾಯ 0.30, ನಿರ್ವಹಣೆ 0.20. ಇದೇ ಕ್ರಮದಲ್ಲಿ 10ಕ್ಕೆ ಬಂದ ಸರಾಸರಿ ಅಂಕ: ಅ ನಕ್ಷೆಗೆ 9, 6, 4, ಬ ನಕ್ಷೆಗೆ 5, 8, 8, ಕ ನಕ್ಷೆಗೆ ಮೂರರಲ್ಲೂ 7. ಅ ನಕ್ಷೆಯದು ಪಶ್ಚಿಮಕ್ಕೆ ಪೂರ್ತಿ ಗಾಜಿನ ಮುಂಭಾಗ, ಎಲ್ಲವೂ ಆಟೊಮ್ಯಾಟಿಕ್. ಬ ನಕ್ಷೆಯದು ದಪ್ಪ ಗೋಡೆ, ಆಳದ ಸಜ್ಜಾ, ಸ್ವಲ್ಪವೇ ಆಟೊಮೇಷನ್. ಕ ನಕ್ಷೆ ಇವೆರಡರ ನಡುವಿನದು. ಕಟ್ಟಡ ಸಮಿತಿಯಲ್ಲಿ ಯಾರಿಗೂ ವರದಿ ಅರ್ಥವಾಗಿಲ್ಲ. ಈ ಫಝಿ ಎಂದರೇನು? ಅ ನಿಜಕ್ಕೂ ಮೇಲೆಯೇ? ಸರ್ವಸದಸ್ಯರ ಸಭೆಯಲ್ಲಿ ಏನು ಹೇಳುವುದು?
– ಕಟ್ಟಡ ಸಮಿತಿಯ ಸದಸ್ಯರೊಬ್ಬರು, ಬಳ್ಳಾರಿ

ಉತ್ತರ: ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಕನ್ಸಲ್ಟಂಟ್ ಬಳಸಿದ ವಿಧಾನ ಬಹಳ ಕಡೆ ಬಳಕೆಯಲ್ಲಿರುವುದೇ, ಅದರಲ್ಲಿ ಮೋಸವಿಲ್ಲ. ಆದರೆ 0.61 ಮತ್ತು 0.59ರ ನಡುವಿನ ಅಂತರ ನಂಬಿಕೊಂಡು ಸದಸ್ಯರ ಠೇವಣಿ ನಡೆಸುವ ಸಂಸ್ಥೆ ಕಟ್ಟಡ ಆರಿಸಬಾರದು. ನಿಮ್ಮ ವರದಿಯ ತೀರ್ಮಾನ ಆಗಿರುವುದು ಗಣಿತ ಶುರುವಾಗುವುದಕ್ಕೂ ಮುಂಚೆ, ತಂತ್ರಜ್ಞಾನಕ್ಕೆ 0.50 ತೂಕ ಬರೆದ ಗಳಿಗೆಯಲ್ಲಿ. ಆ ತೂಕ ಯಾರು ಕೊಟ್ಟರು, ಯಾರನ್ನು ಕೇಳಿ ಕೊಟ್ಟರು ಎಂಬುದು ವರದಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಅದೇ ನಿಮ್ಮ ಮೊದಲ ಪ್ರಶ್ನೆಯಾಗಲಿ.

ಈಗ ಫಝಿ, ಅಂದರೆ ಖಚಿತ ಗೆರೆಯಿಲ್ಲದ ಅಳತೆಯ ವಿಚಾರ. 1965ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಲೋಟ್ಫಿ ಝಾದೆ ಎಂಬ ವಿಜ್ಞಾನಿ ಒಂದು ಸರಳ ತೊಡಕನ್ನು ಕೈಗೆತ್ತಿಕೊಂಡರು. ‘ಈ ಕೋಣೆ ಹಿತವಾಗಿದೆ’ ಎಂಬ ಮಾತಿಗೆ ಹಳೆಯ ಗಣಿತದಲ್ಲಿ ಎರಡೇ ಉತ್ತರ: ಹೌದು ಅಥವಾ ಇಲ್ಲ. 27 ಡಿಗ್ರಿಗೆ ಗೆರೆ ಎಳೆದರೆ 26.9 ಹಿತ, 27.1 ಅಹಿತ. ಬಳ್ಳಾರಿಯ ಮೇ ತಿಂಗಳಲ್ಲಿ ಹೊರಗಿನ ರಣಬಿಸಿಲಿನಿಂದ ಒಳಗೆ ಬಂದವರು ಹಾಗೆ ಯೋಚಿಸುವುದಿಲ್ಲ. ಅವರಿಗೆ 26 ಪೂರ್ತಿ ಹಿತ, 29 ಫ್ಯಾನ್ ಇದ್ದರೆ ಪರವಾಗಿಲ್ಲ, 34 ಆಗುವುದೇ ಇಲ್ಲ. ಝಾದೆ ಈ ‘ಪರವಾಗಿಲ್ಲ’ಕ್ಕೂ ಲೆಕ್ಕದಲ್ಲಿ ಜಾಗ ಕೊಟ್ಟರು. 0ಯಿಂದ 1ರವರೆಗೆ ಎಷ್ಟು ಮಟ್ಟಿಗೆ ಹಿತ ಎಂದು ಅಳೆಯಬಹುದು. 1970ರಲ್ಲಿ ರಿಚರ್ಡ್ ಬೆಲ್‌ಮನ್ ಜೊತೆ ಸೇರಿ ಇದನ್ನೇ ನಿರ್ಣಯ ಕೈಗೊಳ್ಳುವ ಕೆಲಸಕ್ಕೂ ಅವರು ವಿಸ್ತರಿಸಿದರು.

ಕಟ್ಟಡಗಳ ಮೌಲ್ಯಮಾಪನಕ್ಕೆ ಇದು ಏಕೆ ಬೇಕಾಯಿತು ಎಂದರೆ, ಇಲ್ಲಿ ಅಳೆಯಬೇಕಾದ ಅರ್ಧದಷ್ಟು ಸಂಗತಿಗಳಿಗೆ ಮೀಟರ್ ಇಲ್ಲ. ವಿದ್ಯುತ್ತಿಗೆ ಯೂನಿಟ್ ಇದೆ, ನೀರಿಗೆ ಲೀಟರ್ ಇದೆ. ‘ರಿಪೇರಿ ಸುಲಭವೇ’, ‘ವಯಸ್ಸಾದ ಸದಸ್ಯರಿಗೆ ಓಡಾಟ ಸಲೀಸೇ’ ಎಂಬುದಕ್ಕೆ ಜನರ ಮಾತೇ ಆಧಾರ. ಹಾಗಾಗಿ ‘ಚೆನ್ನಾಗಿದೆ’, ‘ಸಾಧಾರಣ’ ಎಂಬ ಮಾತುಗಳನ್ನು ಮೂರು ಅಂಕೆಗಳ ಗುಂಪಾಗಿ ಬರೆಯುತ್ತಾರೆ: ಕಡಿಮೆಯೆಂದರೆ ಇಷ್ಟು, ಬಹುಶಃ ಇಷ್ಟು, ಹೆಚ್ಚೆಂದರೆ ಇಷ್ಟು. ಇದಕ್ಕೆ ತ್ರಿಕೋನ ಸಂಖ್ಯೆ ಎನ್ನುತ್ತಾರೆ. ಬಹಳ ಬಳಕೆಯಲ್ಲಿರುವ ಒಂದು ಪಟ್ಟಿಯಲ್ಲಿ ‘ಸಾಧಾರಣ’ ಎಂದರೆ (3, 5, 7), ‘ಒಂದು ಮಟ್ಟಿಗೆ ಚೆನ್ನ’ ಎಂದರೆ (5, 7, 9), ‘ಚೆನ್ನ’ ಎಂದರೆ (7, 9, 10).

ನಿಮ್ಮ ವರದಿಯ ಎಎಚ್‌ಪಿ ಭಾಗ ತೂಕಗಳನ್ನು ಹುಡುಕುವುದಕ್ಕೆ. ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಕ್ರಮ ಅದು. ಎಲ್ಲ ಮಾನದಂಡಗಳಿಗೂ ಒಟ್ಟಿಗೆ ತೂಕ ಕೊಡಿ ಎಂದರೆ ಜನ ತಡವರಿಸುತ್ತಾರೆ. ಎರಡೆರಡನ್ನೇ ಮುಂದಿಟ್ಟು ‘ಇವೆರಡರಲ್ಲಿ ಯಾವುದು ಮುಖ್ಯ, ಎಷ್ಟು ಪಟ್ಟು’ ಎಂದು ಕೇಳಿದರೆ ಹೇಳುತ್ತಾರೆ. ಸಮಾನವಾದರೆ 1, ಸ್ವಲ್ಪ ಹೆಚ್ಚಾದರೆ 3, ಅತಿ ಹೆಚ್ಚಾದರೆ 9. ಟಾಪ್ಸಿಸ್ ಭಾಗ ನಕ್ಷೆಗಳನ್ನು ಸಾಲಾಗಿ ನಿಲ್ಲಿಸುವುದಕ್ಕೆ. 1981ರಲ್ಲಿ ಹ್ವಾಂಗ್ ಮತ್ತು ಯೂನ್ ಕೊಟ್ಟದ್ದು. ಪ್ರತಿ ಮಾನದಂಡದಲ್ಲೂ ಅತ್ಯುತ್ತಮ ಅಂಕ ಪಡೆದ ಒಂದು ಕಲ್ಪಿತ ಕಟ್ಟಡ, ಎಲ್ಲದರಲ್ಲೂ ಅತಿ ಕಡಿಮೆ ಪಡೆದ ಇನ್ನೊಂದು ಕಲ್ಪಿತ ಕಟ್ಟಡ ಇಟ್ಟುಕೊಂಡು, ನಿಮ್ಮ ನಕ್ಷೆ ಮೊದಲನೆಯದಕ್ಕೆ ಎಷ್ಟು ಹತ್ತಿರ, ಎರಡನೆಯದರಿಂದ ಎಷ್ಟು ದೂರ ಎಂದು ಅಳೆಯುತ್ತಾರೆ. 0.61 ಎಂಬುದು ಆ ಸಾಮೀಪ್ಯದ ಅಂಕೆ. ಶೇ 61ರಷ್ಟು ಸ್ಮಾರ್ಟ್ ಎಂದು ಅದರ ಅರ್ಥವಲ್ಲ. ಇದನ್ನು ಸಭೆಯಲ್ಲಿ ಮೊದಲೇ ಹೇಳಿಬಿಡಿ. ಇಲ್ಲವಾದರೆ ಪರೀಕ್ಷೆಯ ಅಂಕದಂತೆ ಓದುತ್ತಾರೆ.

ನೀವು ಕೊಟ್ಟ ಅಂಕಗಳನ್ನೇ ಇಟ್ಟುಕೊಂಡು ತೂಕದ ಪ್ರಭಾವ ನೋಡೋಣ. ಅದಕ್ಕೆ ಟಾಪ್ಸಿಸ್ ಕೂಡ ಬೇಡ, ಅಂಕವನ್ನು ತೂಕದಿಂದ ಗುಣಿಸಿ ಕೂಡಿದರೆ ಸಾಕು. ಅ ನಕ್ಷೆ: 9 ಗುಣಿಸು 0.50, ಅಂದರೆ 4.5; 6 ಗುಣಿಸು 0.30, ಅಂದರೆ 1.8; 4 ಗುಣಿಸು 0.20, ಅಂದರೆ 0.8. ಒಟ್ಟು 7.1. ಹಾಗೆಯೇ ಕ ನಕ್ಷೆಗೆ 7.0, ಬ ನಕ್ಷೆಗೆ 6.5. ಕನ್ಸಲ್ಟಂಟ್ ಕೊಟ್ಟ ಕ್ರಮವೇ ಬಂತು. ಈಗ ವಿದ್ಯುತ್ತಿನ 0.30 ಹಾಗೇ ಇರಲಿ, ಉಳಿದ 0.70ನ್ನು ತಂತ್ರಜ್ಞಾನ ಮತ್ತು ನಿರ್ವಹಣೆಯ ನಡುವೆ ಬೇರೆ ಬೇರೆ ರೀತಿ ಹಂಚಿ ನೋಡಿ. ತಂತ್ರಜ್ಞಾನದ ತೂಕ 0.48ಕ್ಕಿಂತ ಮೇಲಿದ್ದರೆ ಮಾತ್ರ ಅ ಗೆಲ್ಲುತ್ತದೆ. 0.48ರಿಂದ 0.33ರವರೆಗೆ ಕ ಗೆಲ್ಲುತ್ತದೆ. ಅದಕ್ಕೂ ಕೆಳಗೆ ಬಂದರೆ ಬ. ಕನ್ಸಲ್ಟಂಟ್ ಕೊಟ್ಟ 0.50 ಆ ಗೆರೆಗಿಂತ 0.02 ಮಾತ್ರ ಮೇಲಿದೆ. ಸಮಿತಿಯ ಒಬ್ಬ ಸದಸ್ಯರು ‘ಸ್ವಲ್ಪ ಮುಖ್ಯ’ ಎನ್ನುವ ಬದಲು ‘ಹೆಚ್ಚುಕಡಿಮೆ ಸಮಾನ’ ಎಂದಿದ್ದರೂ ಮೊದಲ ಸ್ಥಾನ ಬದಲಾಗುತ್ತಿತ್ತು. ಇಷ್ಟು ತೆಳುವಾದ ಗೆಲುವನ್ನು ವರದಿ ದಪ್ಪ ಅಕ್ಷರದಲ್ಲಿ ‘ಪ್ರಥಮ’ ಎಂದು ಬರೆದಿದ್ದರೆ ಅದು ತಪ್ಪು ತಿಳಿವಳಿಕೆ ಕೊಡುತ್ತದೆ. ತೂಕ ಅಲ್ಲಾಡಿಸಿ ನೋಡುವ ಈ ಪರೀಕ್ಷೆ ಇಲ್ಲದ ವರದಿಯನ್ನು ನಾನಾದರೆ ವಾಪಸ್ ಕಳಿಸುತ್ತೇನೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಮುಖ್ಯ. ಫಝಿ ಎಂದು ಹೆಸರಿಟ್ಟು ಕೊನೆಗೆ ಒಂದೇ ಅಂಕೆ ಕೊಟ್ಟರೆ, ನಡುವೆ ಉಳಿಸಿಕೊಂಡಿದ್ದ ಅನುಮಾನವೆಲ್ಲ ಎಲ್ಲಿ ಹೋಯಿತು? ನಿಮ್ಮ ಅಂಕಗಳ ಎರಡೂ ಬದಿಗೆ, 10 ಮೀರದಂತೆ, 2 ಅಂಕದ ಅನುಮಾನ ಇಟ್ಟು ಅದೇ ತೂಕದಲ್ಲಿ ಕೂಡಿ ನೋಡಿದೆ. ಅ ನಕ್ಷೆಗೆ ಬರುವುದು (5.1, 7.1, 8.6). ಕ ನಕ್ಷೆಗೆ (5, 7, 9). ಎರಡು ತ್ರಿಕೋನಗಳೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿವೆ. ನಡುವಿನ ಅಂಕೆ ನೋಡಿದರೆ ಅ ಮುಂದು. ಮೂರೂ ಅಂಕೆಗಳ ಸರಾಸರಿ ತೆಗೆದರೆ ಅ ನಕ್ಷೆಗೆ 6.93, ಕ ನಕ್ಷೆಗೆ 7, ಕ ಮುಂದು. ಎರಡೂ ಒಪ್ಪಿತ ಕ್ರಮಗಳೇ. ಅಂದರೆ ಈ ಮಾಹಿತಿಯಿಂದ ಅ ಮತ್ತು ಕ ನಡುವೆ ಯಾವುದು ಮೇಲೆಂದು ಹೇಳಲು ಬರುವುದಿಲ್ಲ. ಪ್ರಾಮಾಣಿಕವಾದ ಫಝಿ ಲೆಕ್ಕ ಹೇಳಬೇಕಾದದ್ದೂ ಅದನ್ನೇ. ಅನುಮಾನವನ್ನು ಕೊನೆಯವರೆಗೆ ಹೊತ್ತು ತಂದು ನಿಮ್ಮ ಮುಂದಿಡುವುದಕ್ಕೇ ಈ ವಿಧಾನ ಇರುವುದು. ಆದ್ದರಿಂದ ಕನ್ಸಲ್ಟಂಟ್ ಬಳಿ ಕೊನೆಯ ಅಂಕೆಯ ಜೊತೆಗೆ ಮೂರೂ ನಕ್ಷೆಗಳ ತ್ರಿಕೋನಗಳನ್ನೂ ಕೇಳಿ ಪಡೆಯಿರಿ.

ಸರಾಸರಿಯಲ್ಲೂ ಒಂದು ಗುಟ್ಟಿದೆ. ಕ ನಕ್ಷೆಯ ನಿರ್ವಹಣೆ ಬಗ್ಗೆ ಮೂವರನ್ನು ಕೇಳಿದಿರಿ ಎನ್ನಿ. ಒಬ್ಬರು ‘ಚೆನ್ನ’, ಒಬ್ಬರು ‘ಒಂದು ಮಟ್ಟಿಗೆ ಚೆನ್ನ’, ಇನ್ನೊಬ್ಬರು ‘ಸಾಧಾರಣ’ ಎಂದರು. ಸರಾಸರಿ (5, 7, 8.67). ಮೂವರೂ ಒಂದೇ ಸ್ವರದಲ್ಲಿ ‘ಒಂದು ಮಟ್ಟಿಗೆ ಚೆನ್ನ’ ಎಂದಿದ್ದರೆ (5, 7, 9). ಭಿನ್ನಾಭಿಪ್ರಾಯಕ್ಕೂ ಒಮ್ಮತಕ್ಕೂ ಲೆಕ್ಕದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಇದರ ಬದಲು ಎಲ್ಲರಿಗಿಂತ ಕಡಿಮೆ ಹೇಳಿದ ಅಂಕೆ ಎಡಕ್ಕೆ, ಎಲ್ಲರಿಗಿಂತ ಹೆಚ್ಚು ಹೇಳಿದ್ದು ಬಲಕ್ಕೆ, ನಡುವಿನದರ ಸರಾಸರಿ ಮಧ್ಯಕ್ಕೆ ಇಟ್ಟರೆ (3, 7, 10) ಬರುತ್ತದೆ. ಈಗ ಜಗಳ ಕಾಣಿಸಿತು. ‘ಸಾಧಾರಣ’ ಎಂದವರು ಯಾರು ಎಂದು ಹುಡುಕಿ. ಅವರು ನಿಮ್ಮ ಎಲೆಕ್ಟ್ರಿಷಿಯನ್ ಆಗಿದ್ದರೆ ಅವರ ಮಾತು ಸರಾಸರಿಯಲ್ಲಿ ಕರಗಬಾರದು.

ಎಲೆಕ್ಟ್ರಿಷಿಯನ್ ಮಾತು ಸುಮ್ಮನೆ ಎತ್ತಲಿಲ್ಲ. ನಮ್ಮ ಭಾಗದ ಒಂದು ದೊಡ್ಡ ಕಚೇರಿ ಕಟ್ಟಡದ ಬಿಎಂಎಸ್ ನೋಡಲು ಹೋಗಿದ್ದೆ. ಎಸಿ, ದೀಪ, ಪಂಪು ಎಲ್ಲದರ ಮೇಲೂ ಒಂದೇ ಕಂಪ್ಯೂಟರಿನಿಂದ ಕಣ್ಣಿಡುವ ವ್ಯವಸ್ಥೆ ಅದು. ಪರದೆಯ ಮೇಲೆ ಎಲ್ಲ ಹಸಿರಾಗಿ ಹೊಳೆಯುತ್ತಿತ್ತು. ಪ್ಯಾನಲ್ ರೂಮಿನ ಬಾಗಿಲು ತೆರೆದರೆ, ಆಟೊ–ಮ್ಯಾನ್ಯುಯಲ್ ಸ್ವಿಚ್‌ಗಳೆಲ್ಲ ಮ್ಯಾನ್ಯುಯಲ್ ಕಡೆ ತಿರುಗಿದ್ದವು, ಯಾರೂ ಬದಲಿಸದಂತೆ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿತ್ತು. ಒಂದು ಸೆನ್ಸರ್ ತಪ್ಪು ತಾಪ ತೋರಿಸಲು ಶುರುಮಾಡಿದಾಗ ಎಸಿ ತಾನಾಗಿ ನಿಂತುಹೋಗುತ್ತಿತ್ತಂತೆ. ಸರಿಪಡಿಸುವವರು ಬೆಂಗಳೂರಿನಿಂದ ಬರಬೇಕು. ಅವರು ಬರುವವರೆಗೆ ಇರಲಿ ಎಂದು ಅಲ್ಲಿಯ ಹುಡುಗ ಟೇಪು ಸುತ್ತಿದ್ದ. ಮೇಲೆ ತಾರಸಿಗೆ ಹೋದೆವು. ಎಸಿಯ ಔಟ್‌ಡೋರ್ ಯೂನಿಟ್‌ಗಳ ತೆಳು ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಕೆಂಪು ದೂಳು ತುಂಬಿ ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಬಂತು. ಗಾಳಿ ಆಡದ ಮೇಲೆ ಆ ಯಂತ್ರ ಹೆಚ್ಚು ಕರೆಂಟ್ ಎಳೆಯದೆ ಬೇರೆ ದಾರಿಯಿಲ್ಲ. ಆ ಕಟ್ಟಡ ಕಟ್ಟುವ ಮುಂಚೆ ಯಾವ ಮೌಲ್ಯಮಾಪನದಲ್ಲೂ ದೂಳು ಎಂಬ ಮಾನದಂಡ ಇದ್ದಿರಲಾರದು.

ಸಂಡೂರಿನ ಗಣಿಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಅದಿರು ಲಾರಿಗಳ ರಸ್ತೆಗಳ ನಡುವೆ ಬದುಕುವ ನಮಗೆ ದೂಳು ಸಣ್ಣ ವಿಷಯವಲ್ಲ. ಫಿಲ್ಟರ್ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಔಟ್‌ಡೋರ್ ಯೂನಿಟ್ ಬಳಿ ನೀರಿನ ನಲ್ಲಿ ಇದೆಯೇ, ಅಲ್ಲಿಗೆ ಏಣಿಯಿಲ್ಲದೆ ಹತ್ತಬಹುದೇ, ಗಾಜಿನ ಮುಂಭಾಗ ತೊಳೆಯುವವರು ಯಾರು, ಎಷ್ಟು ನೀರು ಬೇಕು? ಇವು ನಿಮ್ಮ ಊರಿನ ಮಾನದಂಡಗಳು. ನಿರ್ವಹಣೆಗೆ 0.20 ಎಂಬ ತೂಕ ಬೇರೆ ಊರಿನ ಕಟ್ಟಡದ ವರದಿಯಿಂದ ಬಂದಿರಬಹುದೇ ಎಂಬ ಸಂಶಯ ನನಗಿದೆ.

ತೂಕ ಊರಿಂದೂರಿಗೆ ಬದಲಾಗುವುದು ನನ್ನ ಹಟದ ಮಾತಲ್ಲ. ಐರೋಪ್ಯ ಒಕ್ಕೂಟ 2018ರ ನಿರ್ದೇಶನದ ಮೂಲಕ ಕಟ್ಟಡಗಳಿಗೆ ‘ಸ್ಮಾರ್ಟ್ ಸನ್ನದ್ಧತೆ ಸೂಚ್ಯಂಕ’ ಎಂಬುದನ್ನು ತಂದಿತು. ಕಾಯಿಸುವುದು, ತಂಪುಮಾಡುವುದು, ಬಿಸಿನೀರು, ಗಾಳಿಯಾಟ, ದೀಪ, ಕಟ್ಟಡದ ಹೊರಮೈ, ವಿದ್ಯುತ್, ವಾಹನ ಚಾರ್ಜಿಂಗ್, ಮೇಲ್ವಿಚಾರಣೆ ಎಂದು ಒಂಬತ್ತು ವಿಭಾಗಗಳು ಅದರಲ್ಲಿವೆ. ಚಳಿಯ ಉತ್ತರ ಯುರೋಪಿಗೂ ಬಿಸಿಲಿನ ದಕ್ಷಿಣ ಯುರೋಪಿಗೂ ಅವರೇ ಒಂದೇ ತೂಕ ಬಳಸುವುದಿಲ್ಲ, ಹವಾಮಾನ ವಲಯಕ್ಕೆ ತಕ್ಕಂತೆ ಬದಲಿಸುತ್ತಾರೆ. ನಾವು ಮಾತ್ರ ಪರದೇಶದ ಕಟ್ಟಡದ ತೂಕವನ್ನು ಬಳ್ಳಾರಿಗೆ ತಂದು ಹಚ್ಚಿದರೆ ಹೇಗೆ? ‘ಇಂಟೆಲಿಜೆಂಟ್ ಬಿಲ್ಡಿಂಗ್’ ಎಂಬ ಮಾತು 1980ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದಾಗ ಕಂಪ್ಯೂಟರ್, ಫೋನ್, ಎಸಿಗಳನ್ನು ಒಂದೇ ಜಾಲಕ್ಕೆ ಜೋಡಿಸಿದ ಕಟ್ಟಡ ಎಂದಷ್ಟೇ ಅದರ ಅರ್ಥವಿತ್ತು. ಆಮೇಲೆ ಒಳಗಿರುವ ಜನರ ಅಗತ್ಯಕ್ಕೆ ಒದಗುವ ಕಟ್ಟಡ ಎಂಬ ಕಡೆಗೆ ವಿಷಯ ಸರಿದಿದೆ. ನಿಮ್ಮ ಪಟ್ಟಿಯಲ್ಲಿ ‘ತಂತ್ರಜ್ಞಾನ’ ಎಂಬುದೇ ಒಂದು ಮಾನದಂಡವಾಗಿರುವುದು ನನಗೆ ಸರಿ ಕಾಣುವುದಿಲ್ಲ. ಸೆನ್ಸರ್ ಇರುವುದೇ ಗುಣವಲ್ಲ. ಅದರಿಂದ ಕರೆಂಟ್ ಉಳಿದರೆ ಅದು ವಿದ್ಯುತ್ತಿನ ಅಂಕಣಕ್ಕೆ ಬಂತು, ತಂಪು ಹೆಚ್ಚಿದರೆ ಹಿತದ ಅಂಕಣಕ್ಕೆ, ಕಳ್ಳತನ ತಡೆದರೆ ಭದ್ರತೆಯ ಅಂಕಣಕ್ಕೆ. ಬೇರೆಯಾಗಿ ಮತ್ತೊಮ್ಮೆ ಅಂಕ ಕೊಟ್ಟರೆ ಒಂದೇ ಗುಣವನ್ನು ಎರಡು ಸಲ ಎಣಿಸಿದಂತೆ. ಅ ನಕ್ಷೆ ಗೆದ್ದಿರುವುದು ಈ ಎರಡನೆಯ ಎಣಿಕೆಯಿಂದಲೇ.

ಹಿತ ಎಂಬ ಮಾನದಂಡ ನಿಮ್ಮ ಪಟ್ಟಿಯಲ್ಲಿ ಇಲ್ಲದಿರುವುದು ಆಶ್ಚರ್ಯ. ಅದಕ್ಕೆ ನಮ್ಮ ದೇಶದ್ದೇ ಅಳತೆ ಇದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಇಲ್ಲಿಯ ಕಚೇರಿಗಳಲ್ಲಿ ಕೆಲಸ ಮಾಡುವವರನ್ನೇ ಕೇಳಿ ಒಂದು ಮಾದರಿ ರೂಪಿಸಿದರು; 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಕಿಟಕಿ ತೆರೆದು ಫ್ಯಾನಿನಲ್ಲಿ ನಡೆಯುವ ಕಟ್ಟಡದಲ್ಲಿ, ಹೊರಗಿನ ಸರಾಸರಿ ತಾಪವನ್ನು 0.54ರಿಂದ ಗುಣಿಸಿ 12.83 ಕೂಡಿದರೆ ಒಳಗೆ ಜನರಿಗೆ ಹಿತವೆನಿಸುವ ತಾಪ ಸಿಗುತ್ತದೆ. ಬೇಕಾದಾಗ ಮಾತ್ರ ಎಸಿ ಹಾಕುವ ಕಟ್ಟಡಕ್ಕೆ 0.28ರಿಂದ ಗುಣಿಸಿ 17.87 ಕೂಡಬೇಕು. ಹಗಲು–ರಾತ್ರಿ ಸೇರಿ ಹೊರಗಿನ ಸರಾಸರಿ 32 ಡಿಗ್ರಿ ಎಂದು ಇಟ್ಟುಕೊಳ್ಳಿ, ನಮ್ಮ ಬೇಸಿಗೆಗೆ ಅದು ಹೆಚ್ಚೇನಲ್ಲ. ಮೊದಲನೆಯ ಬಗೆಯ ಕಟ್ಟಡದಲ್ಲಿ ಸುಮಾರು 30, ಎರಡನೆಯ ಬಗೆಯದರಲ್ಲಿ ಸುಮಾರು 27 ಡಿಗ್ರಿ ಹಿತ. ಪೂರ್ತಿ ಎಸಿಯ ಕಟ್ಟಡದಲ್ಲಿ ಅದು 26ರ ಹತ್ತಿರಕ್ಕೆ ಇಳಿಯುತ್ತದೆ. ಯಾವಾಗಲೂ ಎಸಿಯಲ್ಲಿ ಇರುವವರಿಗೆ ಹೆಚ್ಚು ತಂಪು ಬೇಕಾಗುತ್ತದೆ. ತಾಪವನ್ನು ಒಂದು ಡಿಗ್ರಿ ಏರಿಸಿ ಇಟ್ಟರೆ ಎಸಿಯ ವಿದ್ಯುತ್ ಸುಮಾರು ಶೇ 6ರಷ್ಟು ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಹೇಳುತ್ತದೆ. ಬ ನಕ್ಷೆಯ ದಪ್ಪ ಗೋಡೆ, ಆಳದ ಸಜ್ಜಾಗಳು ಬೇಕಾದಾಗ ಮಾತ್ರ ಎಸಿ ಹಾಕುವ ಬಗೆಗೆ ಹೊಂದುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಗೋಡೆಗೆ ಆ ಅವಕಾಶವೇ ಇಲ್ಲ. ಮಧ್ಯಾಹ್ನ ಮೂರರ ಬಿಸಿಲು ನೇರ ಒಳಗೆ ಬರುತ್ತದೆ, ಎಷ್ಟೇ ಬುದ್ಧಿವಂತ ಎಸಿಯಾದರೂ ಆ ಶಾಖವನ್ನು ಹೊರಗೆ ಎತ್ತಿ ಹಾಕಲೇಬೇಕು. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮೊಳ ದಪ್ಪದ ಗೋಡೆ, ಸಣ್ಣ ಕಿಟಕಿ, ಮೇಲೊಂದು ಗವಾಕ್ಷಿ ಇರುತ್ತಿದ್ದವು. ಅದರ ಹಿಂದಿನ ತಿಳಿವಳಿಕೆಗೆ ಮೌಲ್ಯಮಾಪನದಲ್ಲಿ ಅಂಕ ಸಿಗಲೇಬೇಕು ಎಂದು ನಾನು ನಂಬಿದ್ದೇನೆ.

ಇದಕ್ಕೆ ಸೇರಿದ ಇನ್ನೊಂದು ಮಾತು. ನಮ್ಮ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ನಿಮಗೆ ಗೊತ್ತೇ ಇದೆ. ನಿಮ್ಮ ಸಹಕಾರಿಯೂ ಬೇಸಿಗೆಯಲ್ಲಿ ವೇಳೆ ಬದಲಿಸುವುದಾದರೆ ಕಟ್ಟಡದ ಮೇಲಿನ ಭಾರವೇ ಬದಲಾಗುತ್ತದೆ. ಮಧ್ಯಾಹ್ನದ ಶಾಖ ನಿಭಾಯಿಸಲೆಂದೇ ಹಾಕುವ ದುಬಾರಿ ಯಂತ್ರಗಳಿಗೆ ಆಗ ಕೆಲಸವೇ ಕಡಿಮೆ. ಅಂಕ ಕೊಡುವ ಮುಂಚೆ ಇದನ್ನು ಸಮಿತಿ ತೀರ್ಮಾನಿಸಲಿ.

ಕೆಲವು ಸಂಗತಿಗಳಿಗೆ ತೂಕ ಕೊಡಲೇಬಾರದು. ಬೆಂಕಿ ಬಿದ್ದರೆ ಹೊರಬರುವ ದಾರಿ, ಅಂಗವಿಕಲರಿಗೆ ರ‍್ಯಾಂಪ್, ಲಾಕರ್ ಕೋಣೆಯ ಭದ್ರತೆ ಇವನ್ನು ಬಾಗಿಲಲ್ಲೇ ಪರೀಕ್ಷಿಸಿ, ಇಲ್ಲದ ನಕ್ಷೆಯನ್ನು ಹೊರಗಿಡಿ. ಗುಣಿಸಿ ಕೂಡುವ ಲೆಕ್ಕದಲ್ಲಿ ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ಮುಚ್ಚಿಹಾಕುತ್ತದೆ, ಟಾಪ್ಸಿಸ್‌ನಲ್ಲೂ ಅದೇ ಕಥೆ. ಒಳ್ಳೆಯ ವೈಫೈ ಇದೆ ಎಂದು ಕಿರಿದಾದ ಮೆಟ್ಟಿಲನ್ನು ಒಪ್ಪಲಾಗದು.

ಹಾಗಾದರೆ ತೂಕ ಹೇಗೆ ಪಡೆಯುವುದು? ಕ್ಯಾಷಿಯರ್, ಎಲೆಕ್ಟ್ರಿಷಿಯನ್, ಕಾವಲುಗಾರ, ಕೆಲಸ ಮಾಡುವ ಮಹಿಳೆಯರು, ಪಿಂಚಣಿಗೆ ಬರುವ ಹಿರಿಯ ಸದಸ್ಯರು, ಲೆಕ್ಕಪತ್ರ ನೋಡುವವರು ಇಷ್ಟು ಜನರನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿ. ಒಟ್ಟಿಗೆ ಕೂರಿಸಿದರೆ ಅಧ್ಯಕ್ಷರ ಮಾತೇ ಎಲ್ಲರ ಮಾತಾಗುತ್ತದೆ. ಉಪಕರಣ ಮಾರುವವರು ಈ ಪಟ್ಟಿಯಲ್ಲಿ ಇರಕೂಡದು. ಒಂದು ಉದಾಹರಣೆ: ನಿರ್ವಹಣೆ ವಿದ್ಯುತ್ತಿಗಿಂತ 2 ಪಟ್ಟು ಮುಖ್ಯ, ತಂತ್ರಜ್ಞಾನಕ್ಕಿಂತ 5 ಪಟ್ಟು, ವಿದ್ಯುತ್ ತಂತ್ರಜ್ಞಾನಕ್ಕಿಂತ 3 ಪಟ್ಟು ಎಂದು ಬಂತೆನ್ನಿ. ಮಾನದಂಡಕ್ಕೊಂದು ಸಾಲಿನಂತೆ ಇವನ್ನು ಕೋಷ್ಟಕವಾಗಿ ಬರೆದು (ತನ್ನೊಂದಿಗೇ ಹೋಲಿಸಿದರೆ 1, ತಿರುಗಿಸಿ ಹೋಲಿಸಿದರೆ 1/2, 1/5, 1/3), ಪ್ರತಿ ಸಾಲಿನ ಮೂರು ಅಂಕೆಗಳನ್ನು ಗುಣಿಸಿ ಘನಮೂಲ ತೆಗೆದು, ಒಟ್ಟು ಮೊತ್ತದಿಂದ ಭಾಗಿಸಿದರೆ ನಿರ್ವಹಣೆಗೆ 0.58, ವಿದ್ಯುತ್ತಿಗೆ 0.31, ತಂತ್ರಜ್ಞಾನಕ್ಕೆ 0.11. ಈ ತೂಕದಲ್ಲಿ ಬ ನಕ್ಷೆಗೆ 7.67, ಕ ನಕ್ಷೆಗೆ 7, ಅ ನಕ್ಷೆಗೆ 5.17. ಇಲ್ಲಿ ಅಂತರ ಸ್ಪಷ್ಟ. ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡಲು ಸಾಟಿಯವರೇ ಒಂದು ಅನುಪಾತ ಕೊಟ್ಟಿದ್ದಾರೆ, ಅದು 0.10 ಮೀರಬಾರದು, ಈ ಉದಾಹರಣೆಯಲ್ಲಿ 0.01ಕ್ಕಿಂತಲೂ ಕಡಿಮೆ. ನಿಮ್ಮ ವರದಿಯಲ್ಲಿ ಆ ಅಂಕೆ ಇದೆಯೇ ನೋಡಿ.

ಕನ್ಸಲ್ಟಂಟ್‌ರನ್ನು ಇನ್ನೆರಡು ವಿಷಯ ಕೇಳಬೇಕು. ಫಝಿ ಎಎಚ್‌ಪಿಯಲ್ಲಿ ಯಾವ ಬಗೆ ಬಳಸಿದರು? ಚಾಂಗ್ ಎಂಬುವವರು 1996ರಲ್ಲಿ ಕೊಟ್ಟ ಕ್ರಮ ಬಹಳ ಜನಪ್ರಿಯ. ಆದರೆ ಮುಖ್ಯವಾದ ಮಾನದಂಡಕ್ಕೂ ಅದು ಶೂನ್ಯ ತೂಕ ಕೊಟ್ಟುಬಿಡಬಹುದು ಎಂದು 2008ರಲ್ಲಿ ವಾಂಗ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. 1985ರ ಬಕ್ಲಿಯವರ ಘನಮೂಲದಂಥ ಕ್ರಮ ಇದಕ್ಕಿಂತ ಸುರಕ್ಷಿತ. ಸಾಟಿಯವರಂತೂ ತಮ್ಮ ಎಎಚ್‌ಪಿಗೆ ಫಝಿ ಬೆರೆಸುವುದನ್ನೇ ಒಪ್ಪಲಿಲ್ಲ. ಜನರ ತುಲನೆಯಲ್ಲಿ ಅನಿಶ್ಚಿತತೆ ಆಗಲೇ ಸೇರಿರುತ್ತದೆ ಎಂಬುದು ಅವರ ನಿಲುವು. ಅವರ ಮಾತಿನಲ್ಲಿ ಹುರುಳಿದೆ. ನಿಮ್ಮಂಥ ಸಣ್ಣ ಆಯ್ಕೆಗೆ ಸಾದಾ ಎಎಚ್‌ಪಿ ಮತ್ತು ಪ್ರಾಮಾಣಿಕವಾದ ತೂಕ ಪರೀಕ್ಷೆ ಸಾಕಾಗುತ್ತದೆ ಎಂದೇ ನನ್ನ ಅಭಿಪ್ರಾಯ. ಎರಡನೆಯದು, ಕೊನೆಯ ಸ್ಥಾನದ ಬ ನಕ್ಷೆಯನ್ನು ಪಟ್ಟಿಯಿಂದ ತೆಗೆದು ಟಾಪ್ಸಿಸ್ ಮತ್ತೊಮ್ಮೆ ಓಡಿಸಲು ಹೇಳಿ. ಅತ್ಯುತ್ತಮ, ಅಧಮ ಎಂಬ ಕಲ್ಪಿತ ಕಟ್ಟಡಗಳನ್ನು ಪಟ್ಟಿಯಲ್ಲಿರುವ ನಕ್ಷೆಗಳಿಂದಲೇ ಕಟ್ಟುವ ಕಾರಣ, ಒಂದು ನಕ್ಷೆ ಹೊರಗೆ ಹೋದರೆ ಉಳಿದವುಗಳ ಕ್ರಮ ತಿರುವುಮುರುವು ಆಗುವುದುಂಟು. ಹಾಗಾದರೆ ಆ ಕ್ರಮದ ಮೇಲೆ ಭಾರ ಹಾಕಬೇಡಿ.

ಸರ್ವಸದಸ್ಯರ ಸಭೆಯ ವಿಷಯ. ‘ವೈಜ್ಞಾನಿಕ ವಿಧಾನದಲ್ಲಿ ಅ ಪ್ರಥಮ ಬಂದಿದೆ’ ಎಂದು ಠರಾವು ಬರೆಯಬೇಡಿ. ಮಾನದಂಡಗಳು ಯಾವುವು, ತೂಕ ಕೊಟ್ಟವರು ಯಾರು, ತೂಕ ಎಷ್ಟು ಬದಲಾದರೆ ಆಯ್ಕೆ ಬದಲಾಗುತ್ತದೆ ಎಂಬ ಮೂರನ್ನು ಒಂದು ಪುಟದಲ್ಲಿ ಅಚ್ಚುಹಾಕಿಸಿ ಹಂಚಿ. ನಾನು ಹೇಳಿದಂತೆ ಮತ್ತೆ ಲೆಕ್ಕ ಮಾಡಿಸಿದರೆ ಸ್ಪರ್ಧೆ ಬ ಮತ್ತು ಕ ನಡುವೆ ಉಳಿಯುತ್ತದೆ ಎಂಬುದು ನನ್ನ ಅಂದಾಜು. ಆಗ ಬ ನಕ್ಷೆಯ ಆರ್ಕಿಟೆಕ್ಟ್‌ರನ್ನು ಕರೆದು, ಕ ನಕ್ಷೆಯಲ್ಲಿ ನಿಮಗೆ ಇಷ್ಟವಾದ ಒಂದೆರಡು ಆಟೊಮೇಷನ್ ಅಂಶಗಳನ್ನು ಸೇರಿಸಲು ಸಾಧ್ಯವೇ ಎಂದು ಕೇಳಿ. ಗೋಡೆ, ಸಜ್ಜಾ, ದಿಕ್ಕು ಆಮೇಲೆ ಬದಲಿಸಲಾಗದು. ಸೆನ್ಸರನ್ನು ಮುಂದಿನ ವರ್ಷವೂ ಹಾಕಿಸಬಹುದು, ಅದಕ್ಕೆ ಬೇಕಾದ ಪೈಪು, ವೈರಿನ ದಾರಿ ಈಗಲೇ ಬಿಡಿಸಿಕೊಂಡರಾಯಿತು.

ಯಾವ ನಕ್ಷೆ ಆರಿಸಿದರೂ ಟೆಂಡರ್ ಷರತ್ತಿನಲ್ಲಿ ಇಷ್ಟು ಬರೆಸಿ. ನಿಯಂತ್ರಣ ವ್ಯವಸ್ಥೆ ಬ್ಯಾಕ್‌ನೆಟ್ ಅಥವಾ ಮಾಡ್‌ಬಸ್‌ನಂಥ ಮುಕ್ತ ಮಾನಕದಲ್ಲಿರಬೇಕು, ಆಗ ಒಂದೇ ಕಂಪನಿಯ ಕೈಗೆ ಸಿಕ್ಕಿಬೀಳುವುದಿಲ್ಲ. ಎಲ್ಲ ಪಾಸ್‌ವರ್ಡ್, ವೈರಿಂಗ್ ನಕ್ಷೆ, ಸೆನ್ಸರ್‌ಗಳ ಪಟ್ಟಿ ಹಸ್ತಾಂತರದ ದಿನವೇ ಸಹಕಾರಿಯ ಕೈಗೆ ಬರಬೇಕು. ನಿಮ್ಮ ಎಲೆಕ್ಟ್ರಿಷಿಯನ್‌ಗೆ ಕನ್ನಡದಲ್ಲಿ ತರಬೇತಿ ಕೊಡಬೇಕು, ಕೈಪಿಡಿಯೂ ಕನ್ನಡದಲ್ಲಿರಬೇಕು. ಸೆನ್ಸರ್‌ಗಳನ್ನು ವರ್ಷಕ್ಕೊಮ್ಮೆ ಸರಿದೂಗಿಸಿ ಕೊಡುವುದು, ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಬಳ್ಳಾರಿಗೆ ಮನುಷ್ಯ ಬರಬೇಕು ಎಂಬುದು, ಐದು ವರ್ಷದ ವಾರ್ಷಿಕ ನಿರ್ವಹಣಾ ಒಪ್ಪಂದದ ದರ, ಈ ಮೂರೂ ಬೆಲೆಪಟ್ಟಿಯಲ್ಲೇ ಇರಲಿ. ಆ ದರ ನೋಡಿದ ಮೇಲೆ ನಿರ್ವಹಣೆಯ ಅಂಕಗಳನ್ನು ಇನ್ನೊಮ್ಮೆ ಕೊಡಿಸಿ, ಈಗಿನ 4, 8, 7 ಹಾಗೇ ಉಳಿಯುತ್ತವೆಯೇ ನೋಡಿ.